ಏಣಿಯಣ್ಣನ ಒಂದು ಗಂಟೆ ಹತ್ತು ನಿಮಿಷ

ಆರಡಿ ಮೂರಂಗುಲ ಎತ್ತರದ ಮನುಷ್ಯನನ್ನು ತಂದು ಮೆಟ್ಟಿಲ ಕೆಳಗಿನ ಸಂದಿನಲ್ಲಿ ಕೂರಿಸಿದ ಪುಣ್ಯಾತ್ಮ ಯಾರು ಅಂತ ಕೇಳಿದರೆ ಆ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೂತವನಿಗೆ ಮಾತ್ರ ಕೂತು ಇಪ್ಪತ್ತೇಳು ವರ್ಷವಾಗಿತ್ತು. ಆ ಸಂದಿನಲ್ಲಿ ನೆಟ್ಟಗೆ ನಿಲ್ಲಬಹುದಾದ ಜಾಗ ಬಾಗಿಲ ಹತ್ತಿರ ಒಂದು ಮೊಳ. ಅಲ್ಲಿಂದ ಒಂದು ಹೆಜ್ಜೆ ಒಳಗಿಟ್ಟರೆ ಕತ್ತು ಬಗ್ಗಬೇಕು, ಎರಡನೆಯದಕ್ಕೆ ಸೊಂಟ ಬಗ್ಗಬೇಕು, ಮೂರನೆಯ ಹೆಜ್ಜೆ ಇಟ್ಟವರೇ ಇಲ್ಲ. ಅಲ್ಲಿಂದಾಚೆ ಹಳೆಯ ನಕ್ಷೆಗಳ ಸುರುಳಿಗಳೂ ಜೇಡಗಳೂ ಸಂಸಾರ ಹೂಡಿದ್ದವು.

ಅದು ಕಟ್ಟಡ ಕಟ್ಟುವುದನ್ನು ಕಲಿಸುವ ಕಾಲೇಜು. ಮನೆ, ಆಸ್ಪತ್ರೆ, ಶಾಲೆ, ಸೆರೆಮನೆ, ಏನು ಬೇಕಾದರೂ ಕಟ್ಟುವ ಮಕ್ಕಳು ಅಲ್ಲಿಂದ ಹೊರಗೆ ಬರುತ್ತಿದ್ದರು. ಮನುಷ್ಯ ಆರಾಮವಾಗಿ ನಿಲ್ಲಲು ಎಷ್ಟು ಎತ್ತರ ಬೇಕು, ಕೈ ಚಾಚಲು ಎಷ್ಟು ಅಗಲ ಬೇಕು ಅನ್ನುವುದನ್ನು ಮೊದಲ ವರ್ಷವೇ ಬಾಯಿಪಾಠ ಮಾಡಿಸುತ್ತಿದ್ದರು. ಆ ಪಾಠಕ್ಕೆ ಹತ್ತಿ ಹೋಗುವ ಮೆಟ್ಟಿಲ ಕೆಳಗೇ ನಮ್ಮ ಮನುಷ್ಯ ತೊಡೆಯ ಮೇಲೆ ಗದ್ದ ಇಟ್ಟುಕೊಂಡು ಕೂತಿರುತ್ತಿದ್ದ. ಯಾರಿಗೂ ಅದು ನಗು ತರಿಸಿದ್ದಿಲ್ಲ, ನಾಚಿಕೆಯನ್ನೂ ತರಿಸಿದ್ದಿಲ್ಲ.

ಅವನ ಕೆಲಸ ಹಾಳೆ ಅಂಟಿಸುವುದು. ಮಕ್ಕಳು ವಾರಗಟ್ಟಲೆ ಗೆರೆ ಎಳೆದು ದೊಡ್ಡ ದೊಡ್ಡ ಹಾಳೆಗಳನ್ನು ತರುತ್ತಾರೆ. ಅವನ್ನು ಸ್ಟುಡಿಯೋದ, ಅಂದರೆ ನಕ್ಷೆ ಬರೆಯುವ ಕೋಣೆಯ, ಗೋಡೆಯ ಮೆತ್ತನೆಯ ಹಲಗೆಗೆ ಗುಂಡುಸೂಜಿಯಲ್ಲಿ ಚುಚ್ಚಿ ನಿಲ್ಲಿಸಬೇಕು. ಮಕ್ಕಳು ಅದರ ಮುಂದೆ ನಿಂತು ತಾವು ಮಾಡಿದ್ದನ್ನು ವಿವರಿಸಬೇಕು. ಎದುರಿಗೆ ಕುರ್ಚಿ ಹಾಕಿಕೊಂಡು ಕೂತ ಮೇಷ್ಟ್ರುಗಳು ಅದನ್ನು ಹರಿದು ಹಾಕಬೇಕು. ಮಾತಿನಲ್ಲಿ ಹರಿಯುವುದು, ಒಬ್ಬಿಬ್ಬರು ಕೈಯಲ್ಲೂ ಹರಿದಿದ್ದುಂಟು. ಇದಕ್ಕೆ ರಿವ್ಯೂ ಅಂತ ಹೆಸರು. ಮೇಲಿನ ಸಾಲಿನ ಹಾಳೆಗೆ ಬೇರೆಯವರಾದರೆ ಏಣಿ ಬೇಕು. ಇವನು ನೆಲದ ಮೇಲೆ ನಿಂತೇ ಚುಚ್ಚುತ್ತಿದ್ದ. ಹಾಗಾಗಿ ಯಾವುದೋ ಕಾಲದ ಮಕ್ಕಳು ಏಣಿಯಣ್ಣ ಅಂತ ಕರೆದರು. ಆಮೇಲೆ ಅವನ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯತೊಡಗಿದಳು.

ಅವನೂ ಸುಮ್ಮನೆ ಬಿಡಲಿಲ್ಲ, ಎಲ್ಲರಿಗೂ ಹೆಸರಿಟ್ಟ. ತಲೆಯ ಮೇಲೆ ದಿನಕ್ಕೆ ಸಾವಿರ ಹೆಜ್ಜೆ ಬೀಳುತ್ತವಲ್ಲ, ಯಾವುದು ಯಾರದು ಅಂತ ಅವನಿಗೆ ಸದ್ದಿನಲ್ಲೇ ಗೊತ್ತು. ಎರಡೆರಡು ಮೆಟ್ಟಿಲು ಹಾರಿ ಹತ್ತುವ ಮೂರನೇ ವರ್ಷದ ಹುಡುಗಿ ಜಿಂಕೆ. ಚಪ್ಪಲಿ ಎಳೆಯುತ್ತಾ ಅವಳ ಹಿಂದೆ ಹೋಗುವ ಜೊತೆಗಾರ ಹುಡುಗ ಸರಪರ. ಎತ್ತರದ ಹಿಮ್ಮಡಿಯ ಮೇಡಂ ಟಕಟಕ. ಒಬ್ಬ ಮೇಷ್ಟ್ರಿಗೆ ಮಾತ್ರ ಹೆಜ್ಜೆಯ ಹೆಸರಿಲ್ಲ, ಮಕ್ಕಳು ಇಟ್ಟ ಹೆಸರೇ ಅವನಿಗೂ ರೂಢಿಯಾಗಿತ್ತು: ಕೆಂಪು ಪೆನ್ನು.

ಈಗ ಏಣಿಯಣ್ಣನ ಒಂದು ಚಟದ ಬಗ್ಗೆ ಹೇಳಬೇಕು. ಬೀಡಿ ಇಲ್ಲ, ಕುಡಿತ ಇಲ್ಲ. ತಾನು ಪಟ್ಟ ಕಷ್ಟ ಯಾರ ಕಣ್ಣಿಗೂ ಬೀಳಬಾರದು, ಅದೇ ಅವನ ಚಟ. ಹತ್ತು ಗಂಟೆಗೆ ರಿವ್ಯೂ ಅಂದರೆ ಅವನು ಆರೂವರೆಗೆಲ್ಲ ಬಂದಿರುತ್ತಿದ್ದ. ಹಿಂದಿನ ವಾರದ ಸೂಜಿಗಳನ್ನು ಒಂದೊಂದಾಗಿ ಕಿತ್ತು, ಹಲಗೆಯ ತೂತುಗಳನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುತ್ತಿದ್ದ. ಸುರುಳಿ ಸುತ್ತಿ ಬಿಟ್ಟುಹೋದ ಹಾಳೆಗಳು ಬಿಚ್ಚಿದರೆ ಮತ್ತೆ ಹಾವಿನ ಹಾಗೆ ಸುತ್ತಿಕೊಳ್ಳುತ್ತವೆ. ಅವನ್ನು ಮಗುಚಿ ನೆಲದ ಮೇಲೆ ಹಾಸಿ, ಮೇಲೆ ಮರದ ಹಲಗೆ ಹೇರಿ ಒಂದೂವರೆ ಗಂಟೆ ಬಿಡುತ್ತಿದ್ದ. ಅಷ್ಟರಲ್ಲಿ ಗೋಡೆಯ ಈ ಮೂಲೆಯಿಂದ ಆ ಮೂಲೆಗೆ ದಾರ ಕಟ್ಟಿ, ರಸಮಟ್ಟ ಹಿಡಿದು ಸಾಲು ನೋಡುತ್ತಿದ್ದ. ಹಾಳೆಗಳ ಕ್ರಮ ಜೋಡಿಸಿ, ಯಾರದು ಯಾವ ಗೋಡೆ ಅಂತ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದ. ಒಂಬತ್ತೂವರೆಗೆ ಮಕ್ಕಳು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಹಲಗೆಗಳೂ ಕಾಣುತ್ತಿರಲಿಲ್ಲ, ಬೆವರೂ ಕಾಣುತ್ತಿರಲಿಲ್ಲ. ಬಾಯಲ್ಲಿ ನಾಲ್ಕು ಸೂಜಿ ಕಚ್ಚಿಕೊಂಡು ಮದುವೆಮನೆಗೆ ಬಂದವನ ಹಾಗೆ ನಿಂತಿರುತ್ತಿದ್ದ. ಆಮೇಲೆ ಟಪ ಟಪ ಟಪ, ಇಪ್ಪತ್ತು ನಿಮಿಷದಲ್ಲಿ ನಲವತ್ತು ಹಾಳೆ ಗೋಡೆಯ ಮೇಲೆ.

"ಅಣ್ಣ, ನೀವು ಮಂತ್ರ ಹಾಕ್ತೀರಾ?" ಅಂತ ಮಕ್ಕಳು ಬಾಯಿ ಬಿಡುತ್ತಿದ್ದರು.

"ಇದೇನು ಮಹಾ," ಅನ್ನುತ್ತಿದ್ದ. ಆ 'ಇದೇನು ಮಹಾ' ಅನ್ನುವುದರಲ್ಲಿ ಅವನಿಗೆ ಸಿಗುತ್ತಿದ್ದ ಸುಖ ಅಷ್ಟಿಷ್ಟಲ್ಲ.

ಹೀಗಿರುವಾಗ ಕಾಲೇಜಿಗೆ ಹೊಸ ಕಟ್ಟಡ ಮಂಜೂರಾಯಿತು. ಕಟ್ಟಡ ಕಟ್ಟುವ ಮೊದಲು ಅದರಲ್ಲಿ ಯಾರು ಇರುತ್ತಾರೆ, ಏನು ಮಾಡುತ್ತಾರೆ, ಎಷ್ಟು ಹೊತ್ತು, ಅದಕ್ಕೆ ಎಷ್ಟು ಜಾಗ ಅಂತ ವಿಚಾರಿಸಿ ಪಟ್ಟಿ ಮಾಡುವ ಒಂದು ವಿದ್ಯೆ ಇದೆ, ಪ್ರೋಗ್ರಾಮ್ ಅನ್ನುತ್ತಾರೆ. ಪಟ್ಟಿಯಲ್ಲಿ ಇದ್ದವರಿಗೆ ಕೋಣೆ, ಇಲ್ಲದವರಿಗೆ ಬಯಲು. ಪ್ರಿನ್ಸಿಪಾಲರು, ಈ ಸಂಶೋಧನೆಯನ್ನು ಮೂರನೇ ವರ್ಷದ ಮಕ್ಕಳೇ ಮಾಡಲಿ, ಚೆನ್ನಾಗಿದ್ದರೆ ಅದನ್ನೇ ಕಟ್ಟುವವರಿಗೆ ಕೊಡೋಣ ಅಂದರು. ಸ್ಟುಡಿಯೋದ ಭಾಗ ಜಿಂಕೆಗೂ ಸರಪರನಿಗೂ ಬಂತು.

ಒಂದು ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಕೆಳಗೆ ಬಂದರು. ಜಿಂಕೆ ನಕ್ಷೆಯ ಸುರುಳಿಗಳ ಮೇಲೆ ಕೂತಳು. ಸರಪರ ಬಾಗಿಲಲ್ಲೇ ನಿಂತ, ಒಳಗೆ ಜಾಗ ಇರಲಿಲ್ಲ.

"ಅಣ್ಣ, ಹೊಸ ಕಟ್ಟಡದಲ್ಲಿ ನಿಮಗೆ ಏನು ಬೇಕು?"

ಏಣಿಯಣ್ಣ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನಾದರೂ ಕೇಳುತ್ತಿದ್ದಾಳೇನೋ ಅಂತ. ಹಿಂದೆ ಜೇಡ ಇತ್ತು.

"ನನಗಾ?"

"ನಿಮಗೇ. ಎಲ್ರನ್ನೂ ಕೇಳ್ತಿದೀವಿ."

ಅವನು ತಲೆಗೆ ತಾಗುತ್ತಿದ್ದ ಮೆಟ್ಟಿಲನ್ನು ಒಮ್ಮೆ ನೋಡಿದ. "ನೆಟ್ಟಗೆ ನಿಂತ್ಕೊಳ್ಳೋ ಹಾಗಿದ್ರೆ ಸಾಕಮ್ಮ," ಅಂದ. ಅಂದಮೇಲೆ ಆಸೆಗೆ ಬಾಯಿ ಬಂತು. "ಒಂದು ಕಿಟಕಿ ಇದ್ರೆ ಹಗಲಲ್ಲಿ ದೀಪ ಬೇಡ. ಹಾಳೆ ಹಾಸೋಕೆ ಒಂದು ಉದ್ದ ಮೇಜು. ಬಾಗಿಲು, ಚಿಲಕ ಇರೋ ಅಂಥದ್ದು."

ಜಿಂಕೆ ಅಲ್ಲೇ ಪುಸ್ತಕ ಬಿಚ್ಚಿ ಕೋಣೆಯ ಗುರುತಿಗೆ ಒಂದು ವೃತ್ತ ಎಳೆದಳು. ಉದ್ದ ಮೂರು ಮೀಟರು, ಅಗಲ ಮೂರು ಮೀಟರು, ಒಂಬತ್ತು ಚದರ ಮೀಟರ್ ಅಂತ ಬರೆದಳು. ವೃತ್ತದ ಒಳಗೆ 'ಏಣಿಯಣ್ಣ' ಅಂತ ಬರೆದು, ಸ್ಟುಡಿಯೋ ವೃತ್ತಕ್ಕೆ ಅಂಟಿಸಿ ಗೆರೆ ಹಾಕಿದಳು. ಸಾವಿರಾರು ಹಾಳೆ ಅಂಟಿಸಿದ ಮನುಷ್ಯ ತನ್ನ ಹೆಸರನ್ನು ನಕ್ಷೆಯಲ್ಲಿ ನೋಡಿದ್ದು ಅದೇ ಮೊದಲು.

ಆಗ ಬಾಗಿಲಲ್ಲಿದ್ದ ಸರಪರ ಕೇಳಿದ: "ಅಣ್ಣ, ನಲವತ್ತು ಹಾಳೆ ಅಂಟಿಸೋಕೆ ಎಷ್ಟು ಹೊತ್ತು ಬೇಕು ನಿಮಗೆ?"

"ಇಪ್ಪತ್ತು ನಿಮಿಷ."

"ಬರೀ ಇಪ್ಪತ್ತಾ!"

"ಅದೂ ಸ್ವಲ್ಪ ಜಾಸ್ತೀನೇ ಹೇಳಿದೆ."

"ಅದಕ್ಕೆ ಮೊದಲು ತಯಾರಿ ಗಿಯಾರಿ?"

"ಅಯ್ಯೋ, ಅದೂ ಒಂದು ಕೆಲಸಾನಾ? ಬರ್ಕೋಬೇಡ ಅದನ್ನೆಲ್ಲ."

ಹುಡುಗ ಬರೆದುಕೊಳ್ಳಲಿಲ್ಲ. ಹೇಳಿದ ಮಾತು ಕೇಳುವ ಹುಡುಗ.

ಆಮೇಲೆ ಮೂರು ದಿನ ಸರಪರ ಗಡಿಯಾರ ಹಿಡಿದು ಏಣಿಯಣ್ಣನ ಹಿಂದೆ ಅಲೆದ. ಒಂಬತ್ತೂವರೆಗೆ ಕಾಲೇಜು, ಗಡಿಯಾರವೂ ಒಂಬತ್ತೂವರೆಗೆ. ಕೈ ಆಡಿದಾಗ ಪಟ್ಟಿಯಲ್ಲಿ ಕಪ್ಪು ತುಂಬಿದ, ಕೂತಾಗ ಬಿಳಿ ಬಿಟ್ಟ. ಯಾರಾದರೂ ಕರೆದಾರು ಅಂತ ಕಿವಿಯನ್ನು ಮೆಟ್ಟಿಲಿಗೆ ಕೊಟ್ಟು ಕೂತಿದ್ದೂ ಬಿಳಿಯೇ. ಯಾವ ಮೇಡಂ ಬೆಳಕು ಕೇಳುತ್ತಾರೆ, ಯಾವ ಮೇಷ್ಟ್ರು ಕುರ್ಚಿ ತಳ್ಳುತ್ತಾರೆ ಅಂತ ರಿವ್ಯೂ ಮುಗಿಯುವ ತನಕ ಬಾಗಿಲಲ್ಲಿ ನಿಂತು ಕಾದದ್ದೂ ಬಿಳಿಯೇ. ಮೂರು ದಿನದ ಸರಾಸರಿ ತೆಗೆದಾಗ ಕಪ್ಪು ಬಂದದ್ದು ಒಂದು ಗಂಟೆ ಹತ್ತು ನಿಮಿಷ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬಟ್ಟೆ ಹೊಲಿಯುವುದು ಅವಳ ಕಸುಬು, ಕತ್ತರಿಯಂಥ ನಾಲಗೆ ಅವಳ ಸ್ವಂತದ್ದು.

"ಕಿಟಕಿ ಇರೋ ಕೋಣೆ ಕಣೇ," ಅಂದ ಏಣಿಯಣ್ಣ. "ಒಂಬತ್ತು ಚದರ ಮೀಟರು. ಹೆಸರು ಹಾಕಿಬಿಟ್ಟಿದಾರೆ."

"ನಮ್ಮ ಅಡುಗೆಮನೆಗಿಂತ ದೊಡ್ಡದು ಬಿಡಿ. ಅಲ್ಲೇ ಹಾಸಿಗೆ ಹಾಕ್ಕೊಂಡುಬಿಡಿ, ನನಗೂ ಕಾಟ ತಪ್ಪುತ್ತೆ. ಮತ್ತೇನು ಕೇಳಿದ್ರು?"

"ಹಾಳೆ ಅಂಟಿಸೋಕೆ ಎಷ್ಟು ಹೊತ್ತು ಅಂದ್ರು. ಇಪ್ಪತ್ತು ನಿಮಿಷ ಅಂದೆ."

ಯಂತ್ರ ನಿಂತಿತು.

"ಇಪ್ಪತ್ತು ನಿಮಿಷ? ಹಾಗಾದ್ರೆ ಐದೂವರೆಗೆ ನನ್ನ ನಿದ್ದೆ ಕೆಡಿಸಿ ಮನೆ ಬಿಟ್ಟು ಹೋಗೋರು ಯಾರ್ರೀ, ನಿಮ್ಮ ತಾತಾನಾ?"

"ಹಂಗಲ್ವೇ, ಮಕ್ಕಳ ಮುಂದೆ..."

"ಮಕ್ಕಳ ಮುಂದೆ ಜಂಬ! ರೀ, ಅವರು ಅದನ್ನ ಬರ್ಕೊಂಡಿದಾರೆ. ಬರೆದದ್ದು ಮೇಷ್ಟ್ರ ಮುಂದೆ ಹೋಗುತ್ತೆ. ಇಪ್ಪತ್ತು ನಿಮಿಷದ ಕೆಲಸದವನಿಗೆ ಕೋಣೆ ಯಾವನು ಕೊಡ್ತಾನೆ? ನಾಳೆ ಹೋಗಿ ನಿಜ ಹೇಳಿ. ಮೂರು ಗಂಟೆ ಅಂತ ಹೇಳಿ. ಬಾಯಿ ಬಿಟ್ಟು ಹೇಳಿ, ಸೂಜಿ ಕಚ್ಚಿಕೊಂಡು ಅಲ್ಲ."

"ಹೇಳ್ತೀನಿ ಬಿಡೆ."

ಆದರೆ ಮಾರನೆಯ ದಿನ ಮಕ್ಕಳು ಕೈಗೆ ಸಿಗಲಿಲ್ಲ, ಮುದ್ರಣದ ಅಂಗಡಿಯಲ್ಲಿದ್ದರು. ಅದರ ಮಾರನೆಯ ದಿನವೇ ರಿವ್ಯೂ.

ಆವತ್ತೂ ಆರೂವರೆಗೆ ಬಂದು ಸೂಜಿ ಕಿತ್ತ, ದಾರ ಕಟ್ಟಿದ, ಹಾಳೆಗಳ ಮೇಲೆ ಹಲಗೆ ಹೇರಿದ. ರಾತ್ರಿ ಬಿಟ್ಟುಹೋಗಿದ್ದ ಜಿಂಕೆಯ ಹಾಳೆಗಳನ್ನು ನಡುಗೋಡೆಗೆ ಹಾಕಿದ. ವೃತ್ತಗಳ ಹಾಳೆ ಸಿಕ್ಕಾಗ ತನ್ನ ವೃತ್ತವನ್ನು ಹೆಬ್ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿ, ಕಣ್ಣಿನ ಮಟ್ಟಕ್ಕೆ ಸರಿಯಾಗಿ ಚುಚ್ಚಿದ. ಇನ್ನೊಂದು ತಂಡದ ಹದಿನಾರು ಹಾಳೆಗಳನ್ನು ಮಧ್ಯಾಹ್ನಕ್ಕೆ ಅಂತ ಹದಮಾಡಿ ಮೇಜಿನ ಮೇಲೆ ಇಟ್ಟ. ಎಡಗೋಡೆಗೆ ಅವುಗಳ ದಾರವನ್ನೂ ಕಟ್ಟಿಟ್ಟ.

ಹತ್ತಕ್ಕೆ ಪ್ರಿನ್ಸಿಪಾಲರು ಬಂದು ನಡುವೆ ಕೂತರು. ಬಲಕ್ಕೆ ಟಕಟಕ ಮೇಡಂ. ಎಡಕ್ಕೆ ಕೆಂಪು ಪೆನ್ನು.

ಈ ಕೆಂಪು ಪೆನ್ನಿನ ಮೇಷ್ಟ್ರ ಬಗ್ಗೆ ಒಂದು ಮಾತು. ಹದಿನೆಂಟು ವರ್ಷದ ಹಿಂದೆ ಅವರೂ ಅಲ್ಲೇ ವಿದ್ಯಾರ್ಥಿ. ಕೊನೆಯ ಪರೀಕ್ಷೆಯ ಬೆಳಗ್ಗೆ ಕೈತಪ್ಪಿ ಒಂದು ಲೋಟ ನೀರನ್ನು ತಮ್ಮ ಹಾಳೆಗಳ ಮೇಲೇ ಚೆಲ್ಲಿಕೊಂಡು ಮೆಟ್ಟಿಲ ಕೆಳಗೆ ಬಂದು ಅತ್ತಿದ್ದರು. ಏಣಿಯಣ್ಣ ಸೈಕಲ್ ಹತ್ತಿ ಮನೆಗೆ ಓಡಿ ಹೆಂಡತಿಯ ಇಸ್ತ್ರಿಪೆಟ್ಟಿಗೆ ತಂದು, ತೆಳು ಬಟ್ಟೆ ಹಾಸಿ ಒಂದೊಂದೇ ಹಾಳೆಯನ್ನು ಒಣಗಿಸಿಕೊಟ್ಟಿದ್ದ. ಆ ದಿನ ಹುಡುಗ ಅವನ ಕೈ ಹಿಡಿದುಕೊಂಡು, "ಅಣ್ಣಾ, ಸಾಯೋ ತನಕ ಮರೆಯಲ್ಲ," ಅಂದಿದ್ದ. ಮರೆತಿರಲಿಲ್ಲ. ಅದಕ್ಕೇ ಮೇಷ್ಟ್ರಾಗಿ ಬಂದ ದಿನದಿಂದ ಏಣಿಯಣ್ಣನ ಮುಖ ನೋಡಿ ಮಾತಾಡಿರಲಿಲ್ಲ. ತನ್ನ ಅಳುವನ್ನು ನೋಡಿದ ಕಣ್ಣು ಆ ಕಟ್ಟಡದಲ್ಲಿ ಅದೊಂದೇ ಇತ್ತು.

ಜಿಂಕೆ ವಿವರಿಸಿದಳು. ಕೆಂಪು ಪೆನ್ನು ಎದ್ದು ನಿಂತು ಗೋಡೆಯ ಉದ್ದಕ್ಕೂ ನಡೆದರು. ಕ್ಯಾಂಟೀನ್ ದೊಡ್ಡದಾಯಿತು, ಗೀಚು. ಗ್ರಂಥಾಲಯಕ್ಕೂ ಸ್ಟುಡಿಯೋಗೂ ದೂರವಾಯಿತು, ಗೀಚು. ಹಾಗೇ ಬಂದು ಒಂದು ವೃತ್ತದ ಮುಂದೆ ನಿಂತರು.

"ಏಣಿಯಣ್ಣ! ಇದ್ಯಾವ ಕೋಣೆ?"

ಸ್ಟುಡಿಯೋ ಗೊಳ್ಳೆಂದಿತು. ಏಣಿಯಣ್ಣ ಬಾಗಿಲಲ್ಲಿ ನಿಂತಿದ್ದ, ಅವನೂ ಸ್ವಲ್ಪ ನಕ್ಕ.

"ನಮ್ಮ ಅಟೆಂಡರ್ ಸರ್," ಅಂದಳು ಜಿಂಕೆ.

"ಪ್ರೋಗ್ರಾಮ್‌ನಲ್ಲಿ ನೆಂಟರಿಷ್ಟರು ಬೇಡಮ್ಮ, ಕೆಲಸ ಹೇಳು. ಎಷ್ಟು ಹೊತ್ತಿನ ಕೆಲಸ?"

ಸರಪರ ಪಟ್ಟಿ ತೋರಿಸಿದ. "ದಿನಕ್ಕೆ ಒಂದು ಗಂಟೆ ಹತ್ತು ನಿಮಿಷ ಸರ್."

"ಒಂದು ಗಂಟೆ ಹತ್ತು ನಿಮಿಷಕ್ಕೆ ಒಂಬತ್ತು ಚದರ ಮೀಟರು. ಉಳಿದ ಹೊತ್ತು ಆ ಕೋಣೆ ಏನು ಮಾಡುತ್ತಪ್ಪಾ, ಗೊರಕೆ ಹೊಡೆಯುತ್ತಾ?"

ಮತ್ತೆ ನಗು. ಟಕಟಕ ಮೇಡಂ ಅಂದರು: "ಪಾಪ, ಕೂರೋಕೆ ಒಂದು ಜಾಗ ಬೇಡ್ವಾ ಸರ್?"

"ಮೇಡಂ, ಪಾಪಕ್ಕೆ ಎಷ್ಟು ಚದರ ಮೀಟರ್ ಅಂತ ಯಾವ ಪುಸ್ತಕದಲ್ಲಿದೆ ಹೇಳಿ, ಕೊಟ್ಟುಬಿಡೋಣ."

ಮೇಡಂ ಕೂಡ ನಕ್ಕುಬಿಟ್ಟರು. ಮಾತು ಚೆನ್ನಾಗಿತ್ತು, ಏನು ಮಾಡುವುದು.

"ಸರ್, ಅವರು ಬೆಳಗ್ಗೆ ಬೇಗ ಬರ್ತಾರೆ ಅನ್ಸುತ್ತೆ," ಅಂದಳು ಜಿಂಕೆ, ಸಣ್ಣ ದನಿಯಲ್ಲಿ.

"ಅನ್ಸುತ್ತಾ? ಪಟ್ಟಿಯಲ್ಲಿ ಇದೆಯಾ?"

"ಇಲ್ಲ ಸರ್."

"ಹಾಗಾದ್ರೆ ಪಟ್ಟಿ ತಪ್ಪಾ? ಯೋಚನೆ ಮಾಡಿ ಹೇಳು. ಒಂದು ಅಂಕಿ ಸುಳ್ಳಾದ್ರೆ ಇಡೀ ಸಂಶೋಧನೆ ಸುಳ್ಳು. ಮುಂದಿನ ವರ್ಷ ಕಿರಿಯರ ಜೊತೆ ಕೂತು ಮೊದಲಿಂದ ಮಾಡಬೇಕಾಗುತ್ತೆ."

ಜಿಂಕೆಯ ಮುಖ ಬಿಳಿಚಿಕೊಂಡಿತು. ಸರಪರ ತಟ್ಟನೆ ಅಂದ: "ತಪ್ಪಿಲ್ಲ ಸರ್. ಅವರೇ ಹೇಳಿದ್ದು, ನಲವತ್ತು ಹಾಳೆಗೆ ಇಪ್ಪತ್ತು ನಿಮಿಷ ಅಂತ. ನಾನು ಕಣ್ಣಾರೆ ನೋಡಿದೀನಿ."

ಏಣಿಯಣ್ಣನಿಗೆ ಹೆಂಡತಿಯ ಮಾತು ನೆನಪಾಯಿತು. ಬಾಯಲ್ಲಿದ್ದ ಸೂಜಿಗಳನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. "ಸರ್, ಅದು ಇಪ್ಪತ್ತು ನಿಮಿಷ ಅಲ್ಲ ಸರ್. ಮೂರು ಗಂಟೆಯ ಕೆಲಸ."

ಎಲ್ಲರೂ ತಿರುಗಿದರು. ರಿವ್ಯೂ ನಡೆಯುವಾಗ ಬಾಗಿಲು ಮಾತಾಡಿದ್ದನ್ನು ಅವರು ಕೇಳಿದ್ದಿಲ್ಲ.

ಕೆಂಪು ಪೆನ್ನು ಅವನ ಎದೆಯ ಗುಂಡಿಯನ್ನು ನೋಡುತ್ತಾ ಅಂದರು: "ಮೊನ್ನೆ ಇಪ್ಪತ್ತು ನಿಮಿಷ, ಇವತ್ತು ಮೂರು ಗಂಟೆ. ಕೋಣೆ ಸಿಗುತ್ತೆ ಅಂದ ಕೂಡಲೇ ಕೈ ಇಷ್ಟು ನಿಧಾನ ಆಯ್ತೇನಪ್ಪಾ?"

ನಗು ಈ ಸಲ ಗೋಡೆಗೆ ಬಡಿದು ವಾಪಸ್ ಬಂತು. ಪ್ರಿನ್ಸಿಪಾಲರು ಕೈಯೆತ್ತಿ ಸುಮ್ಮನಿರಿಸಿದರು. ಅವರು ನ್ಯಾಯವಂತರು, ಎಲ್ಲರೂ ಹಾಗೇ ಹೇಳುತ್ತಾರೆ. "ವಾದ ಯಾಕೆ? ಅಲ್ಲಿ ಮೇಜಿನ ಮೇಲೆ ಹದಿನಾರು ಹಾಳೆ ಇದೆಯಲ್ಲ, ಅಂಟಿಸಿ ತೋರಿಸಲಿ. ಗಡಿಯಾರ ಹಿಡೀರಿ."

ಹೊರಗಿನವರಿಗೆ ಇದು ಬಹಳ ಸುಲಭದ ಪರೀಕ್ಷೆ ಅನ್ನಿಸಬಹುದು. ನಿಧಾನ ಮಾಡಿದರೆ ಕೋಣೆ, ಬೇಗ ಮಾಡಿದರೆ ಇಲ್ಲ. ಏಣಿಯಣ್ಣನಿಗೂ ಅದು ಅರ್ಥವಾಯಿತು. ನಡೆದು ಮೇಜಿನ ಹತ್ತಿರ ಹೋಗುವಾಗಲೇ ಲೆಕ್ಕ ಹಾಕಿದ: ಒಂದೊಂದು ಹಾಳೆಗೆ ಐದೈದು ನಿಮಿಷ. ಎತ್ತಬೇಕು, ನೋಡಬೇಕು, ಇಳಿಸಬೇಕು, ಮತ್ತೆ ಎತ್ತಬೇಕು. ಒಂದು ಸೂಜಿಯನ್ನು ಕೆಳಗೆ ಬೀಳಿಸಿದರೂ ಆಯಿತು.

ಸರಪರ ಗಡಿಯಾರ ಒತ್ತಿದ. ಏಣಿಯಣ್ಣ ಸೂಜಿಗಳನ್ನು ಮತ್ತೆ ಬಾಯಲ್ಲಿ ಕಚ್ಚಿಕೊಂಡು ಮೊದಲ ಹಾಳೆಯನ್ನು ನಿಧಾನವಾಗಿ ಎತ್ತಿದ, ದಾರಕ್ಕೆ ಹಿಡಿದ, ಇಳಿಸಿದ, ಮತ್ತೆ ಹಿಡಿದ, ಚುಚ್ಚಿದ. ಎರಡನೆಯದನ್ನೂ ಹಾಗೇ ಮಾಡಿದ. ಎಷ್ಟು ಎಳೆದರೂ ಒಂದೊಂದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಸೂಜಿ ಬೀಳಿಸಬೇಕು ಅಂದುಕೊಂಡ, ಬೆರಳು ಬಿಡಲಿಲ್ಲ. ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಅಣ್ಣನಿಗೆ ವಯಸ್ಸಾಯ್ತು ಕಣೋ."

ಕೆಂಪು ಪೆನ್ನು ಮೆತ್ತಗೆ, ಕನಿಕರದ ದನಿಯಲ್ಲಿ ಅಂದರು: "ಪರವಾಗಿಲ್ಲ ಬಿಡಿ. ಮೊದಲು ಚೆನ್ನಾಗಿ ಮಾಡ್ತಿದ್ರು. ಈಗ ಆಗಲ್ಲ."

ಅಷ್ಟೇ ಸಾಕಾಯಿತು. ಆಮೇಲೆ ಕೈ ಅವನ ಮಾತು ಕೇಳಲಿಲ್ಲ. ಎಡಗೈ ಹಾಳೆ ಎತ್ತುವಷ್ಟರಲ್ಲಿ ಬಲಗೈಗೆ ಬಾಯಿಂದ ಸೂಜಿ ಬಂದಿರುತ್ತಿತ್ತು. ಮೇಲಿನ ಎಡಮೂಲೆ, ಮೇಲಿನ ಬಲಮೂಲೆ, ಅಂಗೈಯಿಂದ ಒಂದು ಸವರು, ಕೆಳಗಿನ ಎರಡು. ಟಪ ಟಪ ಟಪ ಟಪ. ಹೆಜ್ಜೆ ಬದಿಗೆ. ಮತ್ತೊಂದು. ಮೇಲಿನ ಸಾಲಿಗೆ ತೋಳು ಚಾಚಿದಾಗ ಅವನ ಅಂಗಿ ಸೊಂಟದಿಂದ ಎದ್ದಿತು, ಅವನಿಗೆ ಅದರ ಪರಿವೆ ಇರಲಿಲ್ಲ. ಹಾಳೆಗಳ ಅಂಚು ಒಂದಕ್ಕೊಂದು ಕೂಡಿ ಗೋಡೆಯ ಮೇಲೆ ಒಂದೇ ಗೆರೆಯಾಯಿತು. ಒಳಗೆ ಯಾರೋ 'ನಿಲ್ಲೋ, ನಿಲ್ಲೋ ಮುಠ್ಠಾಳ' ಅಂತ ಕೂಗುತ್ತಿದ್ದರು. ಕೈ ನಿಂತದ್ದು ಹದಿನಾರನೆಯ ಹಾಳೆ ಮುಗಿದಮೇಲೆಯೇ.

"ಮೂರು ನಿಮಿಷ ನಲವತ್ತು ಸೆಕೆಂಡು!" ಅಂತ ಸರಪರ ಕಿರುಚಿದ.

ಸ್ಟುಡಿಯೋಗೆ ಸ್ಟುಡಿಯೋವೇ ಎದ್ದು ಚಪ್ಪಾಳೆ ಹೊಡೆಯಿತು. ಜಿಂಕೆ ಕುಣಿದು ಕುಣಿದು ಹೊಡೆದಳು. ಮೇಡಂ ಹೊಡೆದರು, ಪ್ರಿನ್ಸಿಪಾಲರು "ಅದ್ಭುತ, ಅದ್ಭುತ" ಅಂದರು. ಇಪ್ಪತ್ತೇಳು ವರ್ಷದಲ್ಲಿ ಆ ಕೋಣೆಯಲ್ಲಿ ಏಣಿಯಣ್ಣನಿಗೆ ಬಿದ್ದ ಚಪ್ಪಾಳೆ ಅದೊಂದೇ. ಅವನ ಮುಖ ಅರಳಿತು ಅಂತ ಹೇಳಲೇಬೇಕು, ಕಣ್ಣಾರೆ ಕಂಡವರಿದ್ದಾರೆ. ಮರುಕ್ಷಣವೇ ಏನಾಯಿತು ಅಂತ ಹೊಳೆಯಿತು.

"ಸರ್, ಇವನ್ನ ಬೆಳಗ್ಗೆಯಿಂದ ಹಲಗೆ ಕೆಳಗೆ ಇಟ್ಟಿದ್ದೆ ಸರ್... ದಾರ ಮೊದಲೇ ಕಟ್ಟಿತ್ತು..."

ಚಪ್ಪಾಳೆಯ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಒಬ್ಬರಿಗೆ ಕೇಳಿಸಿತು. ಅವರು ನಡುಗೋಡೆಗೆ ತಿರುಗಿ, ಕಣ್ಣಿನ ಮಟ್ಟದಲ್ಲಿದ್ದ ಒಂದು ವೃತ್ತದ ಮೇಲೆ ಕೆಂಪು ಗೆರೆ ಎಳೆದರು.

"ಅಂಕಿ ಸರಿಯಾಗಿದೆ," ಅಂದರು. "ಸಂಶೋಧನೆ ಅಂದ್ರೆ ಹೀಗಿರಬೇಕು. ಬಳಕೆದಾರ ಏನು ಹೇಳ್ತಾನೆ ಅನ್ನೋದಲ್ಲ, ಏನು ಮಾಡ್ತಾನೆ ಅನ್ನೋದು ಮುಖ್ಯ. ಎಲ್ರೂ ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು.

"ಹಾಗಿದ್ರೆ ಈಗಿನ ಹಾಗೆ ಮೆಟ್ಟಿಲ ಕೆಳಗೇ ಇರಲಿ," ಅಂದರು ಮೇಡಂ.

"ಹೊಸದರಲ್ಲಿ ಮೆಟ್ಟಿಲ ಕೆಳಗೆ ಏನೂ ಇಲ್ಲ ಮೇಡಂ," ಅಂದ ಸರಪರ. "ಖಾಲಿ. ಬೆಳಕು ಹಾದುಹೋಗೋ ಹಾಗೆ."

"ಚೆಂದ," ಅಂದರು ಪ್ರಿನ್ಸಿಪಾಲರು. "ಅದನ್ನ ಹಾಗೇ ಇಡಿ. ಒಂದು ಗಂಟೆಯ ಕೆಲಸಕ್ಕೆ ಬೇಕಾದಾಗ ಕರೆಸಿಕೊಂಡರಾಯ್ತು."

ಸಂಜೆ ಜಿಂಕೆ ಮೆಟ್ಟಿಲನ್ನು ಮೂರು ಮೂರು ಹಾರಿ ಇಳಿದು ಬಂದಳು. "ಅಣ್ಣಾ, ನಮ್ಮದೇ ಮೊದಲನೇದು! ನಮ್ಮ ಪಟ್ಟೀನೇ ಕಟ್ಟೋರಿಗೆ ಕೊಡ್ತಾರಂತೆ! ಎಲ್ಲ ನಿಮ್ಮಿಂದ ಅಣ್ಣ, ನೀವು ಅಷ್ಟು ಬೇಗ ಮಾಡದೇ ಇದ್ದಿದ್ರೆ ನಾವು ಸತ್ತೇ ಹೋಗಿದ್ವಿ."

ಆ ಮಗು ಮನಸ್ಸಿನಿಂದಲೇ ಹೇಳಿದಳು. ಹೇಳಿದಮೇಲೆ ಸಂದಿನೊಳಗೆ ಮಡಚಿಕೊಂಡು ಕೂತಿದ್ದ ಉದ್ದದ ಮನುಷ್ಯನನ್ನು ನೋಡಿದಳು. ನಾಲಗೆ ಕಚ್ಚಿಕೊಂಡಳು. "ಕೋಣೆ... ಮುಂದಿನ ಹಂತದಲ್ಲಿ ಖಂಡಿತ ಕೇಳ್ತೀವಿ ಅಣ್ಣ."

"ಒಳ್ಳೇದಾಯ್ತು ಹೋಗಮ್ಮ," ಅಂದ ಏಣಿಯಣ್ಣ.

ಮುಂದಿನ ಹಂತದಲ್ಲಿ ಅವಳಿಗೆ ಬೇರೆ ಕಟ್ಟಡ ಬಂತು.

ಮನೆಯಲ್ಲಿ ಹೆಂಡತಿ ಯಂತ್ರ ನಿಲ್ಲಿಸದೆಯೇ ಕೇಳಿದಳು. "ಹೇಳಿದ್ರಾ?"

"ಹೇಳಿದೆ. ನಂಬಲಿಲ್ಲ. ಅಂಟಿಸಿ ತೋರ್ಸು ಅಂದ್ರು."

"ತೋರ್ಸಿದ್ರಾ? ನಿಧಾನಕ್ಕೆ?"

ಅವನು ಚಪ್ಪಲಿ ಬಿಡುತ್ತಾ ಅಂದ: "ಮೂರು ನಿಮಿಷ ನಲವತ್ತು ಸೆಕೆಂಡು."

ಅವಳು ಅವನನ್ನೇ ನೋಡಿದಳು. ಬೈಯುತ್ತಾಳೆ ಅಂತ ಅವನು ಕಾದ. ಅವಳಿಗೆ ನಗು ಬಂತು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಚಪ್ಪಾಳೆ ಹೊಡೆದ್ರಾ?"

"ಹೊಡೆದ್ರು."

"ಹಾಗಾದ್ರೆ ಆ ಚಪ್ಪಾಳೆಯೊಳಗೇ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ," ಅಂದು, ಎದ್ದು ಒಳಗೆ ಹೋದಳು. ಆ ವಾರ ಅವಳು ಮತ್ತೆ ಅವನ ಜೊತೆ ತಮಾಷೆ ಮಾಡಲಿಲ್ಲ.

ಎರಡು ವರ್ಷಕ್ಕೆ ಹೊಸ ಕಟ್ಟಡ ಎದ್ದಿತು. ಹಳೆಯದನ್ನು ಕೆಡವಿದರು. ಏಣಿಯಣ್ಣನಿಗೆ ಒಂದು ಕಾಗದ ಬಂತು. ಇನ್ನು ಮೇಲೆ ಅವನು 'ಕರೆದಾಗ ಬರುವ ಸಿಬ್ಬಂದಿ'. ರಿವ್ಯೂ ಇದ್ದ ದಿನ ಫೋನು ಬರುತ್ತದೆ, ಬರಬೇಕು, ಅಂಟಿಸಬೇಕು, ಹೋಗಬೇಕು. ಅಂಥವರಿಗೆ ಒಂಬತ್ತೂವರೆಗೆ ಮೊದಲು ಗೇಟು ತೆರೆಯುವುದಿಲ್ಲ. ಕಟ್ಟಡ ಬಹಳ ಚೆಂದವಾಗಿತ್ತು, ದೂರದ ಊರಿನವರೆಲ್ಲ ಬಂದು ನೋಡಿಕೊಂಡು ಹೋದರು. ಮೆಟ್ಟಿಲ ಕೆಳಗೆ ಬೆಳಕು ಹಾದುಹೋಗುತ್ತಿತ್ತು.

ಅಭ್ಯಾಸ ಹೋಗುತ್ತದೆಯೇ? ಅವನು ಆರೂವರೆಗೇ ಬಂದು ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಕೂತಿರುತ್ತಿದ್ದ. ಒಂಬತ್ತೂವರೆಗೆ ಗೇಟಿನ ಒಳಗೆ ಹೋಗಿ ಸುರುಳಿ ಬಿಚ್ಚಿದರೆ ಹಾಳೆಗಳು ಬುಸ್ಸೆಂದು ಮತ್ತೆ ಸುತ್ತಿಕೊಳ್ಳುತ್ತಿದ್ದವು. ಹಲಗೆ ಹೇರಲು ಹೊತ್ತಿಲ್ಲ, ಹಾಸಲು ಮೇಜಿಲ್ಲ. ಒಂದು ಮೂಲೆ ಚುಚ್ಚುವಷ್ಟರಲ್ಲಿ ಇನ್ನೊಂದು ಮೂಲೆ ಮುಖಕ್ಕೆ ಹೊಡೆಯುತ್ತಿತ್ತು. ಹಳೆಯ ಸೂಜಿ ಕೀಳಬೇಕು, ದಾರ ಕಟ್ಟಬೇಕು, ಕ್ರಮ ಹುಡುಕಬೇಕು, ಎಲ್ಲವೂ ಈಗ ಎಲ್ಲರ ಕಣ್ಣೆದುರಿಗೇ. ಬೆವರು ಮೂಗಿನ ತುದಿಯಿಂದ ಹಾಳೆಯ ಮೇಲೆ ತೊಟ್ಟಿಕ್ಕಿದಾಗ ಹೊಸ ಹುಡುಗರು "ಛೆ ಛೆ" ಅನ್ನುತ್ತಿದ್ದರು. ಹತ್ತಕ್ಕೆ ಶುರುವಾಗಬೇಕಾದ ರಿವ್ಯೂ ಹನ್ನೆರಡೂವರೆಗೆ ಶುರುವಾಗುತ್ತಿತ್ತು.

"ಒಂದು ಕಾಲದಲ್ಲಿ ಈ ಅಜ್ಜ ಮೂರು ನಿಮಿಷದಲ್ಲಿ ಮುಗಿಸ್ತಿದ್ನಂತೆ ಕಣೋ," ಅಂತ ಅವರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರು. "ಯಾರು ನಂಬ್ತಾರೆ?"

ಕೆಲಸ ಮುಗಿದ ಮೇಲೆ ಒಂದು ಫಾರಂಗೆ ಮೇಷ್ಟ್ರ ಸಹಿ ಹಾಕಿಸಬೇಕು, ಅದರಲ್ಲಿ ಬರೆದಷ್ಟು ಹೊತ್ತಿಗೆ ಮಾತ್ರ ಕೂಲಿ. ಕೆಂಪು ಪೆನ್ನಿನ ಮೇಷ್ಟ್ರಿಗೆ ಈಗ ಕಿಟಕಿ ಇರುವ ದೊಡ್ಡ ಕೋಣೆ. ಮೊದಲ ಸಲ ಹೋದಾಗ ಏಣಿಯಣ್ಣ ಫಾರಂ ಮೇಜಿನ ಮೇಲಿಟ್ಟು ನಿಂತ.

"ಸರ್, ಇವತ್ತು ಮೂರು ಗಂಟೆ ಹಿಡೀತು. ಎಲ್ಲ ಮಕ್ಕಳೂ ನೋಡಿದಾರೆ. ಇಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತ ಇದೆ."

ಮೇಷ್ಟ್ರು ಫಾರಂ ನೋಡಿದರು. ಕೆಲಸದ ಅವಧಿ ಅನ್ನುವ ಕಡೆ ಅದು ಅಚ್ಚಾಗಿಯೇ ಬಂದಿತ್ತು, ತುಂಬಲು ಖಾಲಿ ಜಾಗವಿರಲಿಲ್ಲ.

"ಅದು ಸಂಶೋಧನೆ ಮಾಡಿ ಹಾಕಿದ್ದಪ್ಪಾ," ಅಂದರು. "ಅದ್ಭುತ ಸಂಶೋಧನೆ ಅದು, ಈಗಲೂ ಪಾಠ ಮಾಡ್ತೀವಿ. ಕೆಲಸ ಒಂದು ಗಂಟೆ ಹತ್ತು ನಿಮಿಷದ್ದೇ. ಮೇಲಿನ ಹೊತ್ತು ಕೆಲಸದ್ದಲ್ಲ, ನಿನ್ನದು."

ಏಣಿಯಣ್ಣ ಬಾಯಿ ತೆರೆದ. ಮೇಷ್ಟ್ರು ಆ ಹೊತ್ತಿಗೆ ಸಹಿ ಹಾಕಿ ಫಾರಂ ಇತ್ತ ತಳ್ಳಿದ್ದರು. ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ ತಲೆಯೆತ್ತಿ ಅವನ ಮುಖವನ್ನು ನೇರವಾಗಿ ನೋಡಿದರು, ಒಂದು ಗಳಿಗೆ, ಆರಾಮವಾಗಿ.

"ಬಾಗಿಲು ಎಳ್ಕೊಂಡು ಹೋಗು," ಅಂದರು. "ಗಾಳಿಗೆ ಹಾಳೆ ಹಾರುತ್ತೆ."